ನಬೀಸಾಬ ಮಕ್ಕಳಿಗೆ ಹುಲಿ ತೋರಿಸಾಕ ಹೊಂಟಿದ್ದು

ದಾಂಡೇಲಿಯ ಕಾಗದದ ಮಿಲ್ಲಿನ್ಯಾಗ ಫಿಟರ್ ಆಗಿದ್ದ ನಬೀಸಾಬ ತನ್ನ ಜನ್ಮದಾಗ ಹುಲಿ ನೋಡಿದಾಂವ ಅಲ್ಲ. ಹುಲಿ ಹೋಗ್ಲಿ, ಸೂರ್ಯನ್ನ ನೋಡಿದ್ದೂ ಅಷ್ಟಕ್ಕಷ್ಟ. ಒಂದ ವಾರ ರಾತ್ರಿ ಪಾಳಿ, ಒಂದ ವಾರ ಮಧ್ಯಾಹ್ನದ ಪಾಳಿ, ಒಂದ ವಾರ ಬೆಳಗಿನ ಪಾಳಿ. ಯಾವ ಪಾಳಿ ಇದ್ರೂ ಮನಿಗೆ ಬಂದ ಕೂಡ್ಲೆ ಕೌದಿ ಹೊಚ್ಚಿಕೊಂಡು ಮಲಗೋದು, ಎದ್ದ ಕೂಡ್ಲೆ ಮಿಲ್ಲಿಗೆ ಓಡೋದು. ಇಂಥಾ ಮನಷ್ಯಾ ಮುಂಡಗೋಡದಾಗ, ಹೆಂಡತಿಯ ತವರಮನ್ಯಾಗ, ತುಂಬಿದ ಪಡಸಾಲ್ಯಾಗ ಕುಂತು, ನಮ್ಮ ಮನಿ ಹಿಂದಿನ ನಳಕ್ಕ ಹುಲಿ ನೀರು ಕುಡ್ಯಾಕ ಬರ್ತಾವ ಅಂತ ಹೇಳಿಬಿಟ್ಟ. ಇಡೀ ಗೊಂದಲಕ್ಕ ಇದ ಮೂಲ. ಇದರಾಗ ನಬೀಸಾಬಂದು ತಪ್ಪಿಲ್ಲ ಅಂತ ನಾವು ಹೇಳೂದಿಲ್ಲ. ಆದ್ರ ಅವನ ಬಾಯಿಂದ ಹಂಗ ಹೇಳಿಸಿದವರದೂ ಒಂದಿಷ್ಟು ಪಾಲು ಐತಿ.

ಹೇಳಿಸಿದಾಂವ ಸುಭಾನಿ. ನಬೀಸಾಬನ ಹೆಂಡತಿ ನಸೀರಾನ ಅಣ್ಣ, ಮುಂಡಗೋಡದಾಗ ಬಟ್ಟಿ ಅಂಗಡಿ ಇಟ್ಟಾಂವ. ಥಾನು ಬಿಚ್ಚಿ ಗಿರಾಕಿ ಮುಂದ ಹಾಸಿದಂಗ ಮಾತಾಡೂದು ಅವನ ರೂಢಿ. ಅಂಗಡಿ ದೊಡ್ಡದು ಮಾಡಿದ ಖುಷಿಗೆ ಬೀಗರನ್ನೆಲ್ಲಾ ಊಟಕ್ಕ ಕರದಿದ್ದ. ಊಟ ಮುಗದು ಅಡಿಕಿ ತಾಟು ಬರೂದ್ರಾಗ ಅವನ ಮೈಸೂರು ಪ್ರವಾಸದ ವರ್ಣನೆ ಸುರುವಾತು. ಅವನ ಮಕ್ಕಳು ಝೂದಾಗಿನ ಹುಲಿ ಹೆಂಗ ಆಕಳಿಸ್ತು, ಆನಿ ಹೆಂಗ ಸೊಂಡಿ ಚಾಚಿ ಬಾಳೆಹಣ್ಣು ಇಸಗೊಂಡ್ತು ಅಂತ ಮಾಡಿ ಮಾಡಿ ತೋರಿಸಿದ್ವು. ನಬೀಸಾಬನ ಮಗ ಮಕ್ತುಂ, ಇನ್ನೂ ಒಂದನೇತ್ತಾ ಓದಾಂವ, ಬಾಯಿ ತಗದು ನೋಡಿದ. ನಿಮ್ಮ ದಾಂಡೇಲಿ ಅಂದ್ರ ಬರೇ ಅಡವಿ, ನೀ ಏನೇನ ನೋಡೀಯಪಾ ಅಂತ ಸುಭಾನಿ ಅವನ್ನ ಕೇಳಿದ. ಹುಡುಗ ಬಹಳ ವಿಚಾರ ಮಾಡಿ, "ಶಂಕ್ರೆವ್ವಾಯಿಯ ಕೋಳಿ" ಅಂದ.

ಶಂಕ್ರೆವ್ವಾಯಿ ಅಂದ್ರ ಬಾಜೂ ಮನಿಯಾಕಿ. ಕೋಳಿಯೇನೋ ಜೋರಿತ್ತು, ಸುಳ್ಳಲ್ಲ. ಆದ್ರ ಅದು ಮೈಸೂರಿನ ಹುಲಿಗೆ ಸಮ ಆಗೂದಿಲ್ಲಲಾ. ಪಡಸಾಲಿ ತುಂಬ ನಗು ಎದ್ದಿತು. ಆವಾಗ ನಬೀಸಾಬ ಆ ನಳದ ಮಾತು ಆಡಿದ. ಪಂಜರದಾಗ ಕುಂತು ಆಕಳಿಸೂದು ಹುಲಿ ಏನ್ರಿ, ನಮ್ಮಲ್ಲಿ ಹುಲಿ ಎದುರಿಗೆ ಬಂದ್ರ ನಾವು ಸರದು ದಾರಿ ಬಿಡ್ತೇವಿ ಅಂತಲೂ ಅಂದ. ನಸೀರಾ ಸೆರಗಿನ್ಯಾಗ ಬಾಯಿ ಮುಚ್ಚಿಕೊಂಡ್ಲು.

ಇಷ್ಟಕ್ಕ ಮುಗದಿದ್ರ ಚೊಲೋ ಇತ್ತು. ಸುಭಾನಿಯ ಹೆಂಡತಿ ಮಾತು ಬದಲಿಸಾಕಂತ ನಬೀಸಾಬನ ಸಣ್ಣ ಮಗಳು ಬೀಬಿಜಾನಳನ್ನ ಎತ್ತಿಕೊಂಡು, ನಿಮ್ಮ ಅಬ್ಬಾ ಎಲ್ಲಿ ತೋರಸವ್ವಾ ಅಂತ ಮುದ್ದಿಲೆ ಕೇಳಿದ್ಲು. ಬೀಬಿಜಾನಳಿಗೆ ಆವಾಗ ಮೂರು ತುಂಬಿತ್ತು. ಆಕಿ ಪಡಸಾಲ್ಯಾಗಿನ ಎಲ್ಲಾರ ಮಾರಿ ನೋಡಿದ್ಲು. ಬಿಳಿ ಅಂಗಿ ತೊಟ್ಟು, ಮೀಸಿಗೆ ಎಣ್ಣಿ ಹಚ್ಚಿಕೊಂಡು ಕುಂತಿದ್ದ ನಬೀಸಾಬನ ಮಾರೀನೂ ನೋಡಿದ್ಲು. ಆಮ್ಯಾಲ ಮೂಲಿಗೆ ಹೋಗಿ, ಅಲ್ಲಿ ಸುತ್ತಿ ಇಟ್ಟಿದ್ದ ಹಾಸಿಗಿ ತೋರಿಸಿ, ಅಬ್ಬಾ ಮಲಗ್ಯಾನ, ಗದ್ಲಾ ಮಾಡಬ್ಯಾಡ್ರಿ ಅಂತ ಎಲ್ಲಾರಿಗೂ ಹೇಳಿದ್ಲು.

ಮಂದಿ ನಕ್ಕು ನಕ್ಕು ಕಣ್ಣೊರಸಿಕೊಂಡ್ರು. ನಬೀಸಾಬನೂ ನಕ್ಕ. ತಿರುಗಿ ಬರೂವಾಗ ಹಳಿಯಾಳ ದಾಟೂತನಕ ಬಸ್ಸಿನ್ಯಾಗ ಆ ಕೂಸು ತಾಯಿ ತೊಡಿ ಮ್ಯಾಲ ಕುಂತಿತು, ಕಂಡಕ್ಟರನ ಕಡೆ ಹೋತು, ಒಬ್ಬಾಕಿ ಮುದುಕಿ ಬುಟ್ಟಿಯೊಳಗೂ ಕುಂತಿತು. ನಬೀಸಾಬ ಕೈ ಚಾಚಿದ್ರ ಮಾತ್ರ ಅಳೂದು. ದಾಂಡೇಲಿ ಬಂತು ಅನ್ನೂದ್ರಾಗ ಅಂವ ಕೈ ಚಾಚೂದ ಬಿಟ್ಟಿದ್ದ. ಹಿಂಗ ಬಿಟ್ರ ಈ ಹುಡಿಗಿ ನಾಳೆ ತನ್ನ ನಿಕಾಕ್ಕ ಅಪ್ಪನ ಜಾಗಾದಾಗ ಕೌದಿ ತಂದು ಕುಂಡ್ರಸ್ತಾಳ ಅಂತ ನಸೀರಾನ ಮುಂದ ಅಂದ. ಒಂದ ದಿನ, ಬರೇ ಒಂದ ಪೂರ್ತಿ ದಿನ, ಎಚ್ಚರಿದ್ದು, ಮಕ್ಕಳನ್ನ ಹೆಗಲ ಮ್ಯಾಲ ಹೊತ್ತು ತಿರಗ್ಯಾಡಸಬೇಕು. ಮಗನಿಗೆ ಹುಲಿ ಕಾಣಬೇಕು, ಮಗಳಿಗೆ ಅಪ್ಪ ಕಾಣಬೇಕು.

ಎಲ್ಲಿಗೆ ಕರಕೊಂಡು ಹೋಗೂದು ಅನ್ನೂದು ಮುಂದಿನ ಪ್ರಶ್ನೆ. ಎರಡ ದಾರಿ ಇದ್ವು. ಒಂದು ಗದಗಿನ ಹತ್ರದ ಝೂ. ಹಳಿಯಾಳ, ಧಾರವಾಡ, ಹುಬ್ಬಳ್ಳಿ ಅಂತ ಬಸ್ಸು ಬದಲಿಸಿಕೋತ ಹೋಗಬೇಕು, ಇಡೀ ದಿನ ಬೇಕು. ಇನ್ನೊಂದು ದಾರಿ ದಾಂಡೇಲ್ಯಾಗ ಇತ್ತು. ಪ್ರತಿ ರವಿವಾರ ಬೆಳಕು ಹರಿಯೂ ಹೊತ್ತಿಗೆ ಅರಣ್ಯ ಇಲಾಖೆಯ ತಂತಿ ಜಾಳಗಿ ಕಿಡಕಿಯ ವ್ಯಾನು ಬಸ್‌ಸ್ಟ್ಯಾಂಡಿನಿಂದ ಹೊಂಟು, ಮಿಲ್ಲಿನ ಗೇಟಿನ ಮುಂದ ಹಾದು, ಅಡವಿಯೊಳಗ ಸಫಾರಿ ಮಾಡಿಸಿಕೊಂಡು ಬರ್ತಿತ್ತು.

ನಬೀಸಾಬ ಸಲಹಾ ಕೇಳಬಾರದಿತ್ತು, ಕೇಳಿದ. ಮಿಲ್ಲಿನ ಚಾಳದಾಗ ಸಲಹಾ ಕೇಳೂದಂದ್ರ ಹಿಟ್ಟಿನ ಗಿರಣಿ ಬಾಗ್ಲಾ ತಗದಂಗ. ಸಂಜೀ ಅನ್ನೂದ್ರಾಗ ಚಾಳದಾಗ ಝೂ ಪಾರ್ಟಿ, ಸಫಾರಿ ಪಾರ್ಟಿ ಅಂತ ಎರಡು ಆಗಿದ್ವು. ಸಫಾರಿ ಪಾರ್ಟಿಗೆ ಶಂಕ್ರೆವ್ವ ಮುಂದಾಳು. ಆಕಿ ವಾದ ಬಹಳ ಸರಳ ಇತ್ತು. ಝೂದಾಗ ಪ್ರಾಣಿ ಒಳಗ, ನಾವು ಹೊರಗ. ಸಫಾರಿಯೊಳಗ ನಾವು ಒಳಗ, ಪ್ರಾಣಿ ಹೊರಗ. ನಿನ್ನ ಮಕ್ತುಂ ಎಂಥಾ ಹುಡುಗ ಅಂತ ಊರಿಗೆಲ್ಲಾ ಗೊತ್ತೈತಿ, ಅಂಥವನ್ನ ಜಾಳಗಿಯೊಳಗ ಇಡೂದ ಚೊಲೋ, ಹುಲಿಗೂ ಚೊಲೋ ಅಂದ್ಲು. ನಸೀರಾ ಝೂ ಪಾರ್ಟಿ. ಝೂದಾಗ ಹುಲಿ ಎಲ್ಲಿ ಐತಿ ಅಂತ ಬೋರ್ಡು ಇರ್ತೈತಿ, ಅಡವ್ಯಾಗ ಯಾರು ಬೋರ್ಡು ಹಾಕ್ಯಾರು, ಮೂರು ತಾಸು ಬಿದಿರ ಮೆಳಿ ನೋಡಿ ಬರೂದಾಗ್ತೈತಿ ಅಂತ ಆಕಿ ಮಾತು. ಅದೂ ಖರೇನ. ಗದಗಿನ್ಯಾಗ ಹುಲಿ ಐತೋ ಇಲ್ಲೋ ಅನ್ನೂದ್ರ ಬಗ್ಗೆ ಮಾತ್ರ ಒಬ್ಬೊಬ್ಬರದು ಒಂದೊಂದು ಮಾತು. ಹೋಗಿ ಬಂದಾಂವ ಒಬ್ಬನೂ ಸಿಗಲಿಲ್ಲ, ಹೋಗಿ ಬಂದವರ ಸಂಬಂಧಿಕರು ಬೇಕಾದಷ್ಟು ಸಿಕ್ರು.

ಕಡೀಕ ಶಂಕ್ರೆವ್ವನ ಮಾತು ಗೆದ್ದಿತು. ರವಿವಾರ ಸಫಾರಿ ಅಂತ ಠರಾವಾತು. ಆದ್ರ ನಬೀಸಾಬನ ವಾರದ ಸೂಟಿ ಮಂಗಳವಾರ. ಆ ರವಿವಾರ ಅವಂದು ಬೆಳಗಿನ ಪಾಳಿ.

ಇಲ್ಲಿ ಮಿಲ್ಲಿನ ಒಂದು ಪದ್ಧತಿ ಹೇಳಬೇಕು. ಯಾವ ಪುಸ್ತಕದಾಗೂ ಬರದಿರದ ಪದ್ಧತಿ ಇದು, ಹಂಗಂತ ಯಾರೂ ಮುರದಿದ್ದಿಲ್ಲ. ನಿನ್ನ ಪಾಳಿಗೆ ನಿನಗ ಹೋಗಾಕ ಆಗದಿದ್ರ ಇನ್ನೊಬ್ಬನ್ನ ಬದ್ಲಿ ಹಾಕಬೇಕು. ಗೇಟಿನ ಎದುರಿನ ಅಂಗಡಿಯೊಳಗ ಅವಗ ಚಹಾ ಕುಡಿಸಬೇಕು. ಅಂವ ಕಪ್ಪು ಖಾಲಿ ಮಾಡಿ ಕೆಳಗಿಟ್ಟ ಅಂದ್ರ ಪಾಳಿ ಅವಂದಾತು, ಮಳಿ ಬರ್ಲಿ, ಗುಡುಗು ಬರ್ಲಿ, ಅವನ ನಿಲ್ಲಬೇಕು. ಅವಗೂ ಆಗದಿದ್ರ ಅಂವ ಮತ್ತೊಬ್ಬಗ ಚಹಾ ಕುಡಿಸಿ ದಾಟಿಸಬಹುದು. ಇದು ಯಾರ ಪಾಳಿ, ಯಾಕ ದಾಟಿಸ್ತಿ ಅಂತ ಕೇಳಬಾರದು. ಕೇಳಿದ್ರ ಹೆಂಡತಿ ಜೋಡಿ ಜಗಳಾ, ಮೂಲವ್ಯಾಧಿ, ಇಂಥಾವೆಲ್ಲಾ ಹೊರಗ ಬರ್ತಾವ. ಅದಕ್ಕ ಚಹಾ ಕುಡದು ಸುಮ್ಮನಿರೂದ ಮರ್ಯಾದಿ. ಪಾಳಿ ನೋಡಿಕೊಳ್ಳೂ ಸಾಹೇಬ ಅಡಿವೆಯ್ಯಗೂ ಇದು ಒಪ್ಪಿಗಿ ಇತ್ತು. ನಂಗ ಮಾರಿ ಬ್ಯಾಡ, ಮಶೀನಿಗೆ ಒಂದು ತಲಿ ಬೇಕು ಅಂತಿದ್ದ.

ನಬೀಸಾಬ ತನ್ನ ರವಿವಾರದ ಪಾಳಿಗೆ ಪೆದ್ರುನ್ನ ಹಿಡದ. ಪೆದ್ರು ಸಾಂಬ್ರಾಣಿ ಊರಿನ ಕಡಿಯ ಸಿದ್ದಿ, ಅವನ ಜೋಡಿನ ಫಿಟರ್, ಚಹಾಕ್ಕ ಇಲ್ಲ ಅಂದಾಂವ ಅಲ್ಲ. ಕಪ್ಪು ಕೆಳಗಿಟ್ಟ, ಕೆಲಸಾ ಮುಗೀತು.

ಮನಿಗೆ ಬಂದ್ರ ನಸೀರಾ ಕಣ್ಣೀರು. ಯಾರೋ ಆಕಿಗೆ, ಸಫಾರಿ ವ್ಯಾನಿಗೆ ಕಾಡುಕ್ವಾಣ ಗುದ್ದಿ ಜಾಳಗಿ ಒಳಗ ಮಣೀತಂತ ಅಂತ ಹೇಳಿದ್ರಂತ. ಯಾವಾಗ ಅಂತ ಗೊತ್ತಿಲ್ಲ, ಎಲ್ಲಿ ಅಂತ ಗೊತ್ತಿಲ್ಲ, ಮಣದದ್ದು ಮಾತ್ರ ಖರೇನಂತ. ಅಷ್ಟೊತ್ತಿಗೆ ಮಕ್ತುಂನೂ ಪಾರ್ಟಿ ಬದಲಿಸಿದ್ದ. ಅಡವ್ಯಾಗ ಆನಿಗೆ ಬಾಳೆಹಣ್ಣು ಕೊಡಾಕ ಕೆಳಗ ಇಳಸೂದಿಲ್ಲ ಅಂತ ಅವಗ ಸಾಲ್ಯಾಗ ತಿಳದಿತ್ತು. ನಬೀಸಾಬ ತಲಿ ಕೆರಕೊಂಡ. ಝೂ ಆದ್ರ ಝೂ, ಮಂಗಳವಾರ ಹೆಂಗೂ ನಂದು ಸೂಟಿ, ಯಾರ ಕಾಲೂ ಹಿಡೀಬೇಕಾಗಿಲ್ಲ, ಮಂಗಳವಾರ ಗದಗಿಗೆ ಹೋಗೂಣು ಅಂದ. ಮನ್ಯಾಗ ಸಮಾಧಾನ ಆತು. ಪೆದ್ರುಗ ಹೋಗಿ, ನನ್ನ ಪಾಳಿ ನಂಗ ವಾಪಸ್ ಕೊಡು ಅಂತ ಹೇಳಬೇಕಿತ್ತು. ನಾಳೆ ಹೇಳಿದ್ರಾತು ಅಂತ ಕೌದಿ ಹೊಚ್ಚಿಕೊಂಡ.

ಆ ನಾಳೆ ಬರೂದ್ರಾಗ ಪೆದ್ರುಗ ನೆನಪಾಗಿತ್ತು, ಅದ ರವಿವಾರ ಊರಾಗ ಇಗರ್ಜಿಯ ಹಬ್ಬ, ಹೋಗದಿದ್ರ ಅವರವ್ವ ಮನಿಯೊಳಗ ತಗೊಳ್ಳೂದಿಲ್ಲ. ಪಾಳಿಯನ್ನ ಇನ್ನೊಬ್ಬ ಫಿಟರ್ ಯಲ್ಲಪ್ಪಗ ಚಹಾ ಕುಡಿಸಿ ದಾಟಿಸಿದ. ಯಲ್ಲಪ್ಪ ಚಹಾ ಕುಡದ ಮ್ಯಾಲ ಹೆಂಡತಿನ್ನ ಹಳಿಯಾಳಕ್ಕ ತವರಿಗೆ ಬಿಟ್ಟು ಬರಬೇಕಾಗಿ ಬಂತು. ಅಂವ ಹಿರೀ ಫಿಟರ್ ಮುದಕಪ್ಪಗ ದಾಟಿಸಿದ. ಮುದಕಪ್ಪಂದು ಶನಿವಾರ ರಾತ್ರಿ ಪಾಳಿ ಇತ್ತು. ರಾತ್ರಿ ನಿಂತು, ಮತ್ತ ಬೆಳಗಿಂದೂ ನಿಂತ್ರ ಹೆಣಾ ಹೊತ್ತಕೊಂಡು ಹೋಗಬೇಕಾಗ್ತೈತಿ ಅಂತ ಅವಗ ಆಮ್ಯಾಲ ಹೊಳೀತು.

ಮುದಕಪ್ಪ ಶುಕ್ರವಾರ ಚಹಾದ ಅಂಗಡಿ ಮುಂದ ನಿಂತು ದಿಕ್ಕು ನೋಡೂ ಹೊತ್ತಿಗೆ ನಬೀಸಾಬ ಬಂದ. ರವಿವಾರ ಬೆಳಗಿಂದು ಒಂದು ಪಾಳಿ ನನ್ನ ಕೊಳ್ಳಿಗೆ ಬಿದ್ದೈತಿ, ನೀ ನಿಲ್ಲತಿ ಏನಪಾ ಅಂತ ಮುದಕಪ್ಪ ಕೇಳಿದ. ನಬೀಸಾಬ ವಿಚಾರ ಮಾಡಿದ. ನಮ್ಮ ಹೋಗೂದು ಮಂಗಳವಾರಕ್ಕ ಹೋತು, ರವಿವಾರ ಖಾಲಿ ಐತಿ, ನನ್ನ ಪಾಳಿಗೆ ಪೆದ್ರು ಅದಾನ. ಪಾಪ, ವಯಸ್ಸಾದ ಮನಷ್ಯಾ. ಯಾರ ಪಾಳಿ ಅಂತ ಕೇಳಲಿಲ್ಲ, ಕೇಳೂದು ಮರ್ಯಾದಿ ಅಲ್ಲಲಾ. ಮುದಕಪ್ಪ ಸಂತೋಷಕ್ಕ ಜಾಸ್ತಿ ಸಕ್ಕರಿ ಹಾಕಿಸಿದ. ನಬೀಸಾಬ ಕಪ್ಪು ಕೆಳಗಿಟ್ಟ.

ಓದೂ ನಿಮಗ ಈಗ ತಿಳೀತು. ಅವಗ ತಿಳೀಲಿಲ್ಲ.

ಶನಿವಾರ ಪಾಳಿ ಮುಗಿಸಿ ಹೊಂಟಾಗ ಅಡಿವೆಯ್ಯ ಸಾಹೇಬ, ಮಂಗಳವಾರ ಏನು ವಿಶೇಷ ಅಂತ ಸುಮ್ಮನ ಕೇಳಿದ. ನಬೀಸಾಬ ಎದಿ ಉಬ್ಬಿಸಿ, ಮಕ್ಕಳನ್ನ ಗದಗಿನ ಝೂಕ್ಕ ಕರಕೊಂಡು ಹೊಂಟೇನ್ರಿ ಅಂದ. ಅಡಿವೆಯ್ಯ ಅವಗ ಬಹಳ ಕನಿಕರದಿಂದ, ಮಂಗಳವಾರ ಝೂಕ್ಕೂ ವಾರದ ಸೂಟಿ ಇರ್ತೈತೋ ಮಾರಾಯಾ ಅಂತ ಹೇಳಿದ. ಪ್ರಾಣಿಗಳಿಗೂ ತನಗೂ ಒಂದ ದಿನ ಸೂಟಿ ಅಂತ ಕೇಳಿ ನಬೀಸಾಬ ಗೇಟಿನ ಹತ್ರನ ಕುಂತುಬಿಟ್ಟ. ಅವುಗಳಿಗೆ ಏನು ಕೆಲಸಾ ಐತಿ ಅಂತ ಸೂಟಿ ಕೊಡ್ತಾರು ಅಂತ ಅವಂದು ಪ್ರಶ್ನೆ.

ಆದ್ರ ಕುಂತಲ್ಲೇ ನಬೀಸಾಬಗ ಒಂದು ಮಾತು ಹೊಳದು, ಮಾರಿ ಅರಳಿತು. ರವಿವಾರದ ಪಾಳಿ ಪೆದ್ರು ಕಡೆ ಕೊಟ್ಟದ್ದು ಕೊಟ್ಟಂಗನ ಐತಿ. ವಾಪಸ್ ಇಸಗೊಳ್ಳದ ಎಷ್ಟು ಚೊಲೋ ಆತು. ಆಲಸಿತನಕ್ಕೂ ಒಂದು ಫಲ ಇರ್ತೈತಿ ಅಂತ ತನ್ನ ಬೆನ್ನು ತಾನ ತಟ್ಟಿಕೊಂಡು ಮನಿಗೆ ಓಡಿದ. ಸಫಾರಿ, ನಾಳೆ ಬೆಳಿಗ್ಗೆ, ಎಲ್ಲಾರೂ ತಯಾರಾಗ್ರಿ ಅಂದ. ಮುದಕಪ್ಪನ ಚಹಾ ಅವನ ತಲಿಯಿಂದ ಸಕ್ಕರಿ ಕರಗಿದಂಗ ಕರಗಿ ಹೋಗಿತ್ತು. ನಸೀರಾನ ಕಾಡುಕ್ವಾಣದ ಹೆದರಿಕಿಗೆ ಶಂಕ್ರೆವ್ವ, ನಾ ಬಾಜೂಕ ಕುಂಡ್ರತೇನಿ, ಹೆಂಗ ಗುದ್ದತೈತಿ ನೋಡೂಣು ಅಂತ ಧೈರ್ಯ ಹೇಳಿ ತನ್ನ ಹೆಸರೂ ಸೇರಿಸಿದ್ಲು.

ರವಿವಾರ ನಬೀಸಾಬ ಎಲ್ಲಾರಕಿಂತ ಮುಂಚೆ ಎದ್ದ. ಸುವಾಸನಿ ಸಾಬಣದಿಂದ ತಿಕ್ಕಿ ತಿಕ್ಕಿ ಜಳಕ ಮಾಡಿದ. ಈದಿಗೆ ಹಾಕೂ ಅಂಗಿ ಹಾಕಿ, ಅತ್ತರ ಹಚ್ಚಿಕೊಂಡ. ಬಸ್‌ಸ್ಟ್ಯಾಂಡಿನ್ಯಾಗ ವ್ಯಾನು ನಿಂತಿತ್ತು. ಹುಬ್ಬಳ್ಳಿಯಿಂದ ಬಂದಿದ್ದ ಒಂದು ಕುಟುಂಬ ಆಗಲೇ ಕಿಡಕಿ ಸೀಟು ಹಿಡದು, ಬುತ್ತಿ ಬಿಚ್ಚಿ ತಿನ್ನಾಕ ಹತ್ತಿತ್ತು. ಮಕ್ತುಂ ಹತ್ತಿ ಇಳದು, ಇಳದು ಹತ್ತಿ ಮಾಡ್ತಿದ್ದ. ಬೀಬಿಜಾನ ತಾಯಿ ಕೊಳ್ಳಾಗ ಮಾರಿ ಹುದುಗಿಸಿಕೊಂಡಿದ್ಲು. ನಬೀಸಾಬ ಕೈ ಚಾಚಿದಾಗ ಎಲ್ಲೋ ಪರಊರಿನಾಂವ ಬಂದಂಗ ಹಿಂದಕ್ಕ ಸರದ್ಲು. ಇರ್ಲಿ, ಇನ್ನೂ ಇಡೀ ದಿನ ಐತಿ ಅಂತ ಅಂವ ಅಂದುಕೊಂಡ. ಇನ್ನೇನು ಕಾಲು ವ್ಯಾನಿನ್ಯಾಗ ಇಡಬೇಕು, ಚಾಳದಾಗ ಕೇಳಿ ತಿಳಕೊಂಡು, ಸೈಕಲ್ ಗಂಟಿ ಬಾರಿಸಿಕೋತ ಅಡಿವೆಯ್ಯ ಸಾಹೇಬ ಬಂದ. ಸಾಹೇಬ ತಾನ ಸೈಕಲ್ ತುಳಕೊಂಡು ಬಂದದ್ದು ಯಾರೂ ನೋಡಿದ್ದಿಲ್ಲ.

"ಬೆಳಗಿನ ಪಾಳಿ ಸುರುವಾತು. ನೀ ಎಲ್ಲಿ ಹೊಂಟಿ?" ಅಂದ ಅಡಿವೆಯ್ಯ.

"ನನ್ನ ಪಾಳಿ ಪೆದ್ರುಗ ಕೊಟ್ಟೇನ್ರಿ."

"ಪೆದ್ರು ಯಲ್ಲಪ್ಪಗ ಕೊಟ್ಟಾನ."

"ಹಂಗಾದ್ರ ಯಲ್ಲಪ್ಪ ನಿಲ್ಲಲಿ."

"ಯಲ್ಲಪ್ಪ ಮುದಕಪ್ಪಗ ಕೊಟ್ಟಾನ."

"ಮುದಕಪ್ಪ ನಿಲ್ಲಲೇಳ್ರಿ."

"ಮುದಕಪ್ಪ ಶುಕ್ರವಾರ ಯಾರಿಗೋ ಚಹಾ ಕುಡಿಸ್ಯಾನ," ಅಂದ ಅಡಿವೆಯ್ಯ. "ಜಾಸ್ತಿ ಸಕ್ಕರಿ ಹಾಕಿಸಿ ಕುಡಿಸೇನಿ ಅಂತಾನ. ಕುಡದಾಂವ ಯಾರು ಅಂತ ನೆನಪ ಮಾಡ್ಕೊ."

ನಬೀಸಾಬನ ನಾಲಿಗಿ ಮ್ಯಾಲ ಆ ಸಕ್ಕರಿ ಮತ್ತ ಬಂತು. ಕಾಲು ವ್ಯಾನಿನ ಮೆಟ್ಟಲ ಮ್ಯಾಲ ಇಟ್ಟದ್ದು ಅಲ್ಲೇ ಉಳೀತು.

ಬಸ್‌ಸ್ಟ್ಯಾಂಡಿನ ಮಂದಿಯೆಲ್ಲಾ ಸುತ್ತ ಕೂಡಿತು. ಹುಬ್ಬಳ್ಳಿಯ ಹಿರಿಯರು ಕಿಡಕಿಯೊಳಗಿಂದ, ಅಂದ್ರ ಇವರು ಈಗ ಯಾರ ಬದ್ಲಿ ಅಂತ ಕೇಳಿದ್ರು. ಮುದಕಪ್ಪನ ಬದ್ಲಿ ಅಂತ ಅಡಿವೆಯ್ಯ ವಿವರಿಸಿದ. ಮುದಕಪ್ಪ ಯಾರ ಬದ್ಲಿ? ಯಲ್ಲಪ್ಪನ ಬದ್ಲಿ. ಯಲ್ಲಪ್ಪ? ಪೆದ್ರುನ ಬದ್ಲಿ. ಪೆದ್ರು? ಈ ನಬೀಸಾಬನ ಬದ್ಲಿ. ಹಿರಿಯರು ಬೆರಳು ಮಡಚಿ, ಬಿಚ್ಚಿ, ಮತ್ತ ಮಡಚಿ, ತಮ್ಮ ಬದ್ಲಿಗೆ ತಾವ ನಿಂತದ್ದು ನಾ ಈವರೆಗೂ ಕೇಳಿದ್ದಿಲ್ಲ ಅಂದ್ರು. ಅವರ ಹೆಂಡತಿ, ಹಂಗಾದ್ರ ಇವರು ಸುರುವಿಗೆ ಎಲ್ಲಿದ್ರೋ ಅಲ್ಲೇ ಅದಾರ, ಏನೂ ಆಗೇ ಇಲ್ಲ ಅಂದ್ಲು. ವ್ಯಾನಿನ ಡ್ರೈವರ್, ಏನೂ ಆಗಿಲ್ಲಂದ್ರ ನಾ ಹೋಗ್ಲೇನು ಅಂತ ಕೇಳಿದ.

ನಬೀಸಾಬ ಕಾನೂನು ತಗದ. ಪಾಳಿ ತಿರುಗಿ ನನ್ನ ಕಡೇನ ಬಂತಂದ್ರ ಅದು ಹೊಸ ಪಾಳಿ ಆತು, ಅದನ್ನ ನಾನು ಮತ್ತ ದಾಟಿಸಬಹುದು ಅಂದ. ಅಡಿವೆಯ್ಯ ಒಪ್ಪಿದ. ದಾಟಿಸು, ಯಾರಿಗೆ ದಾಟಸ್ತಿ ಅಂದ. ಪೆದ್ರು ಇಗರ್ಜ್ಯಾಗ. ಯಲ್ಲಪ್ಪ ಹಳಿಯಾಳದಾಗ. ಶಂಕ್ರೆವ್ವ ತಾನ ಹೋಗಿ ನಿಲ್ಲತೇನಿ, ಏನು ಮಾಡಬೇಕು ಹೇಳ್ರಿ ಅಂದ್ಲು. ಅಡಿವೆಯ್ಯ ಆಕಿಗೆ ಕೈ ಮುಗದ.

"ಬರೂದಿಲ್ಲ ಅಂದ್ರ ಬರಬ್ಯಾಡ," ಅಂದ ಅಡಿವೆಯ್ಯ ಕಡೀಕ, ದನಿ ಇಳಿಸಿ. "ಆದ್ರ ಮುದಕಪ್ಪ ರಾತ್ರಿಯಿಂದ ನಿಂತಾನ. ಇನ್ನೊಂದು ತಲಿ ಬರೂತನಕ ಅಂವ ಮಶೀನು ಬಿಟ್ಟು ಕದಲಾಂಗಿಲ್ಲ. ಕಣ್ಣು ಮುಚ್ಚಿಕೊಂಡು ನಿಂತಾನ."

ನಬೀಸಾಬ ಮೆಟ್ಟಲ ಮ್ಯಾಲಿಂದ ಕಾಲು ತಗದ. ನಸೀರಾಗ, ನೀವು ಹೋಗಿ ಬರ್ರಿ, ಮಕ್ತುಂಗ ಕಿಡಕಿ ಹತ್ರ ಕುಂಡ್ರಸು ಅಂದ. ಬೀಬಿಜಾನಳ ಕಡೆ ಒಂದ ಸಲ ನೋಡಿದ. ಆಕಿ ಅವನ ಕಡೆ ನೋಡಲಿಲ್ಲ. ಈದಿನ ಅಂಗಿ ಹಾಕ್ಕೊಂಡು, ಅಡಿವೆಯ್ಯನ ಸೈಕಲ್ಲಿನ ಹಿಂದ ಕುಂತು ಮಿಲ್ಲಿಗೆ ಹೋದ. ದಾರಿ ತುಂಬ ಸಾಹೇಬಗ ಅತ್ತರ ವಾಸನಿಗೆ ಸೀನು ಬರ್ತಿದ್ವು. ನಬೀಸಾಬಗ ಅಳು ಬರ್ತಿತ್ತು, ಸೀನಿನ ಗದ್ದಲದಾಗ ಅದು ಯಾರಿಗೂ ಕೇಳಲಿಲ್ಲ.

ಖಾಕಿ ಹಾಕಿಕೊಂಡು, ಮುದಕಪ್ಪನ ಭುಜ ಮುಟ್ಟಿ ಕಳಿಸಿ, ಮಶೀನಿನ ಎಣ್ಣಿಯೊಳಗ ಮೊಣಕೈತನಕ ಇಳದು ಒಂದು ತಾಸು ಆಗೂದ್ರಾಗ ಗೇಟಿನಿಂದ ಕರಿ ಬಂತು. ಬಿದಿರಿನ ಲಾರಿಯೊಂದು ಗೇಟಿಗೆ ತಾಗಿ, ಗೇಟು ಸೊಟ್ಟಾಗಿ ಅದರ ಬೋಲ್ಟು ಸಿಕ್ಕೊಂಡೈತಿ, ತಗಿಯಾಕೂ ಬರ್ತಿಲ್ಲ, ಹಾಕಾಕೂ ಬರ್ತಿಲ್ಲ. ಲಾರಿ ರಸ್ತೆಗೆ ಅಡ್ಡ ನಿಂತು ಹಿಂದ ವಾಹನ ಸಾಲು ಕಟ್ಯಾವ. ಫಿಟರ್ ಬೇಕು. ನಬೀಸಾಬ ಸುತ್ತಿಗಿ, ಪಾನಾ ತಗೊಂಡು ಹೋದ.

ಗೇಟಿನ ಸರಳಿನಾಚೆ ಲಾರಿ. ಲಾರಿಯ ಬಾಜೂಕ, ಮುಂದೂ ಹೋಗಲಾರದ ಹಿಂದೂ ಹೋಗಲಾರದ, ಅರಣ್ಯ ಇಲಾಖೆಯ ವ್ಯಾನು. ಡ್ರೈವರ್ ಟೈರು ಪಂಕ್ಚರ್ ಆಗಿ ಆಗಲೇ ತಡಾ ಮಾಡಿಕೊಂಡಿದ್ದ, ಈಗ ಇದು. ಹುಬ್ಬಳ್ಳಿಯವರ ಬುತ್ತಿ ಖಾಲಿಯಾಗಿತ್ತು. ಜಾಳಗಿ ಕಿಡಕಿಗೆ ಮೂಗು ಒತ್ತಿಕೊಂಡು ಮಕ್ತುಂ ಕುಂತಿದ್ದ.

ಮೊದಲು ಕಂಡಾಂವ ಅವನ. ಅಬ್ಬಾ, ಅಬ್ಬಾ ಅಂತ ಕೂಗಿದ. ಹುಬ್ಬಳ್ಳಿಯ ಮಕ್ಕಳು ಎಲ್ಲಿ ಏನು ಬಂತು ಅಂತ ಈ ಕಡೆ ಕಿಡಕಿಗೆ ಬಿದ್ವು. ಬೀಬಿಜಾನ ಅಣ್ಣ ತೋರಿಸಿದ ಕಡೆ ನೋಡಿ, ಅಲ್ಲ, ಅಬ್ಬಾ ಮನ್ಯಾಗ ಮಲಗ್ಯಾನ ಅಂತ ಅವಗ ತಿಳುವಳಿಕಿ ಹೇಳಿದ್ಲು. ಮಕ್ತುಂ ಕೇಳಬೇಕಲ್ಲ, ಆಣಿ ಹಾಕಿದ, ಆಕಿ ಜಡಿ ಜಗ್ಗಿದ. ಜಗಳಾ ಹತ್ತೂದ್ರಾಗ ನಸೀರಾ ಇಬ್ಬರನ್ನೂ ಕೆಳಗ ಇಳಿಸಿ, ಹೋಗಿ ನೀನ ನೋಡಿ ಬಾರವಾ ತಾಯಿ ಅಂತ ಗೇಟಿನ ಮುಂದ ತಂದು ನಿಲ್ಲಿಸಿದ್ಲು.

ಸರಳ ಒಳಗ ನಬೀಸಾಬ ಕುಕ್ಕರಗಾಲಿಲೆ ಕುಂತ. ಸರಳ ಹೊರಗ ಬೀಬಿಜಾನ ನಿಂತ್ಲು. ಆಕಿ ಅಳಲಿಲ್ಲ. ಸರಳಿನ ಸಂದ್ಯಾಗ ಮಾರಿ ತೂರಿಸಿ ಅವನ ಖಾಕಿ ಮೂಸಿ ನೋಡಿದ್ಲು. ಕಾಗದದ ಮಿಲ್ಲಿನ ವಾಸನಿ ಅಂದ್ರ ಹೊರಗಿನ ಮಂದಿ ಮೂಗು ಮುಚ್ಚಿಕೊಳ್ತಾರ. ಕೊಳತ ಗಡ್ಡಿ, ಔಷಧ, ಎಣ್ಣಿ ಎಲ್ಲಾ ಕೂಡಿದ್ದು ಅದು. ಆ ಕೂಸು ಹುಟ್ಟಿದಾಗಿನಿಂದ ಆ ವಾಸನಿಯ ಮಗ್ಗಲಾಗ ಮಲಗಿ ನಿದ್ದಿ ಮಾಡಿತ್ತು. ಅತ್ತರ ಹಚ್ಚಿಕೊಂಡಾಂವ ಯಾರೋ ಏನೋ, ಇದು ಮಾತ್ರ ಗೊತ್ತಿದ್ದ ಮನಷ್ಯಾ. ಆಕಿ ಕೈ ಹಾಕಿ ಅವನ ಮೀಸಿ ಹಿಡದು ಜಗ್ಗಿದ್ಲು. ಆಮ್ಯಾಲ ರಸ್ತೆ ಕಡೆ ತಿರುಗಿ, ಲಾರಿಯವರಿಗೆ, ಹುಬ್ಬಳ್ಳಿಯವರಿಗೆ, ಹಿಂದ ಸಾಲು ನಿಂತವರಿಗೆಲ್ಲಾ ಕೇಳೂವಂಗ ಹೇಳಿದ್ಲು.

"ಅಬ್ಬಾ ಎದ್ದಾನ!"

ನಬೀಸಾಬನ ಕಣ್ಣಾಗ ನೀರು ಬಂತು. ಎಣ್ಣಿ ಕೈಲೆ ಒರಸಿಕೊಂಡು ಮಾರಿಯೆಲ್ಲಾ ಪಟ್ಟಿ ಪಟ್ಟಿ ಆತು. ಬೀಬಿಜಾನ ತನ್ನ ಕೈಯಾಗಿನ ಬಿಸ್ಕೀಟು ಸರಳ ಸಂದ್ಯಾಗಿಂದ ಅವನ ಬಾಯಿಗೆ ಹಿಡದ್ಲು. ಅಂವ ಕಡಕೊಂಡು ತಿಂದ. ಮತ್ತೊಂದು ಹಿಡದ್ಲು, ಅದನ್ನೂ ತಿಂದ. ಹುಬ್ಬಳ್ಳಿಯ ಸಣ್ಣ ಹುಡುಗನೂ ಇಳದು ಬಂದು, ನಾನೂ ಕೊಡ್ಲೇನು ಅಂತ ಕೇಳಿದ. ಬೀಬಿಜಾನ ಕೊಡಗೊಡಲಿಲ್ಲ. ಇದು ನಮ್ಮದು ಅಂದ್ಲು. ಆ ಹುಡುಗನ ಅವ್ವ ಕಿಡಕಿಯೊಳಗಿಂದ, ಹತ್ರ ಹೋಗಬ್ಯಾಡೋ ಅಂತ ಕೂಗಿದ್ಲು.

ಆದ್ರ ಮಕ್ತುಂಗ ತಡಕೊಳ್ಳಾಕ ಆಗ್ತಿದ್ದಿಲ್ಲ. ಬಿಸಲೇರಿದ್ರ ಹುಲಿ ಮಲಗಿಬಿಡ್ತಾವಂತ, ಡ್ರೈವರ್ ಹೇಳ್ಯಾನ, ಗೇಟು ಲಗೂ ತಗಿ ಅಬ್ಬಾ ಅಂತ ಒಂದ ಸಮ ಗಂಟು ಬಿದ್ದ. ಈಕಿ ನೋಡಿದ್ರ ಅಬ್ಬಾನ ಬೆರಳು ಮುಷ್ಟಿಯೊಳಗ ಹಿಡಕೊಂಡು, ನಾ ವ್ಯಾನಿನ್ಯಾಗ ಬರೂದಿಲ್ಲ, ಇಲ್ಲೇ ಇರ್ತೇನಿ ಅಂತ ಕುಂತುಬಿಟ್ಲು. ಗೇಟು ತಗದ್ರ ಲಾರಿ ಸರೀತೈತಿ, ಲಾರಿ ಸರದ್ರ ವ್ಯಾನು ಹೋಗ್ತೈತಿ. ನಸೀರಾ ಗಂಡನ ಮಾರಿ ನೋಡಿದ್ಲು. ಅಂವ ಯಾರ ಮಾರೀನೂ ನೋಡದ, ಒಂದು ಕೈ ಮಗಳ ಕಡೆ ಕೊಟ್ಟು, ಇನ್ನೊಂದು ಕೈಲೆ ಸುತ್ತಿಗಿ ಹಿಡದು ಗೇಟು ಬಡಿಯಾಕ ಹತ್ತಿದ. ಮಗನಿಗೆ ಇಷ್ಟ ಹೇಳಿದ, ಹುಲಿ ಎಲ್ಲೂ ಹೋಗೂದಿಲ್ಲಪಾ, ಈಗ ಆತು, ಈಗ ಆತು.

ಲಾರಿಯವರು ಹಾರ್ನು ಬಾರಿಸಿದ್ರು. ವ್ಯಾನಿನ ಡ್ರೈವರ್ ಬೀಡಿ ಮ್ಯಾಲ ಬೀಡಿ ಸೇದಿದ. ಅಡಿವೆಯ್ಯ ಎರಡು ಸಲ ಬಂದು ಹೋದ. ಮೂರನೇ ಸಲ ಬಂದು, ನಬೀಸಾಬನ ಪಕ್ಕಕ್ಕ ಬಗ್ಗಿ, ಬೋಲ್ಟು ಇರಬೇಕಾದ ತೂತಿನ್ಯಾಗ ಇಣಕಿ ನೋಡಿದ. ಆಮ್ಯಾಲ ಸರಳಿನಾಚೆ ಕುಂತ ಕೂಸನ್ನ ನೋಡಿದ.

"ಇನ್ನ ಎಷ್ಟು ಹೊತ್ತು ಬೇಕೋ?" ಅಂತ ಕೇಳಿದ.

"ಬಹಳ ಬಿಗೀ ಕುಂತೈತ್ರಿ," ಅಂದ ನಬೀಸಾಬ.

ಅಡಿವೆಯ್ಯ ತಿರುಗಿ ಹೋದ. ನಬೀಸಾಬ ಮತ್ತ ಬಡದ. ಬೋಲ್ಟು ಆಗಲೇ ಅವನ ಖಾಕಿ ಕಿಸೆದಾಗಿತ್ತು.